ಕೊನೆಯ ಗಂಟಿಗೆ ಮೊದಲು

ಬಲೆ ಹೊಲಿಯುವ ನಮ್ಮ ಶೆಡ್ಡಿಗೆ ಮೂರೇ ಗೋಡೆ. ನಾಲ್ಕನೆಯ ಕಡೆ ಬೋಟು ನಿಲ್ಲುವ ದಕ್ಕೆಗೆ ತೆರೆದುಕೊಂಡಿದೆ. ಮಳೆ ಬಂದರೆ ಇಳಿಬಿಡಲು ಅಲ್ಲೊಂದು ತಾಡಪಾಲು ಕಟ್ಟಿದೆ. ಅವತ್ತು ಸಂಜೆ ನಾಲ್ಕಕ್ಕೇ ತಾಡಪಾಲು ಇಳಿಸಿದ್ದೆವು. ತಗಡಿನ ಮೇಲೆ ಮಳೆ ಒಂದೇ ಸಮ ಬಡಿಯುತ್ತಿತ್ತು, ಕರೆಂಟು ಹೋಗಿತ್ತು, ದಕ್ಕೆಗೆ ಕಟ್ಟಿದ್ದ ಬೋಟುಗಳು ಒಂದಕ್ಕೊಂದು ಮೈ ಉಜ್ಜುತ್ತಿದ್ದವು. ಮನೆಗೆ ಹೋಗುವ ಹಾಗಿರಲಿಲ್ಲ. ಕೆಲಸವಾದರೂ ಆಗಲಿ ಎಂದು ಬ್ಯಾಟರಿ ದೀಪವನ್ನು ಕೊಕ್ಕೆಗೆ ಸಿಕ್ಕಿಸಿ, ನಾವು ಐದು ಹೆಂಗಸರು ಒಂದೇ ಬಲೆಯ ಸುತ್ತ ಕೂತಿದ್ದೆವು.

ಅದು ನೀರಿನಲ್ಲಿ ಗೋಡೆಯ ಹಾಗೆ ನಿಲ್ಲುವ ಬಲೆ. ಮೇಲಂಚಿಗೆ ತೇಲುವ ಬೆಂಡು, ಕೆಳಗಂಚಿಗೆ ಸೀಸದ ಗುಂಡು. ಹೊಸ ಹುಡುಗಿಯ ತೊಡೆಯ ಮೇಲೆ ಬಿದ್ದಿದ್ದ ಭಾಗದಲ್ಲಿ ಒಂದು ದೊಡ್ಡ ತೂತಿತ್ತು. ಬೋಟಿನ ಡ್ರೈವರನನ್ನು ಮದುವೆಯಾಗಿ ಬಂದು ಅವಳಿಗೆ ಮೂರು ತಿಂಗಳು, ಶೆಡ್ಡಿಗೆ ಬರತೊಡಗಿ ಒಂದು ವಾರ. ಕೈ ಚುರುಕು, ಮಾತು ಕಡಿಮೆ. ಅವಳು ತೂತಿನ ಅಂಚನ್ನು ದೀಪಕ್ಕೆ ಹಿಡಿದು ನೋಡಿ, ನಮ್ಮಲ್ಲಿ ಹಿರಿಯಳಾದ ಗಂಟಜ್ಜಿಗೆ, "ಅಜ್ಜಿ, ಇದು ಹರಿದಿದ್ದಲ್ಲ, ಚಾಕುವಿಂದ ಕೊಯ್ದಿದ್ದು. ಮೀನು ಹಿಡಿಯೋರು ತಮ್ಮ ಬಲೇನ ತಾವೇ ಕೊಯ್ತಾರಾ?" ಎಂದಳು.

ಅಂಥ ತೂತು ಹೊಸದೇನಲ್ಲ. ನಮಗೆ ಗೊತ್ತಿದ್ದದ್ದೇ, ಗೊತ್ತಿದ್ದೂ ಯಾರೂ ಆಡುವ ಮಾತಾಗಿರಲಿಲ್ಲ.

"ಕೊಯ್ದಿದ್ರೆ ಹೊಲಿಯೋದು, ಅಷ್ಟೇ ಕಣೆ," ಎಂದಳು ರೇಡಿಯೋ. ಬಾಯಿ ಮುಚ್ಚದ ಕಾರಣಕ್ಕೆ ಅವಳಿಗೆ ಆ ಹೆಸರು. "ಗಂಡನ್ನ ಕೇಳು. ಬಂಡೆ ತಾಗ್ತು ಅಂತಾನೆ."

"ಕೇಳಿದೆ. ಬಂಡೆ ಅಂತಾನೇ ಅಂದ್ರು. ಬೆಳಿಗ್ಗೆ ಹೊರಡಬೇಕು, ಅಜ್ಜಿಯ ನೂಲು ಗೀಲು ಬೇಡ, ಡಬಲ್ ನೈಲಾನ್ ಹಾಕಿ ಗಟ್ಟಿ ಮಾಡು ಅಂದ್ರು."

ಅಜ್ಜಿಯ ನೂಲು ಎಂದರೆ ಹತ್ತಿಯ ನೂಲು. ನಮ್ಮೆಲ್ಲರ ಬುಟ್ಟಿಯಲ್ಲೂ ಒಂದೊಂದು ಉಂಡೆ ಇರುತ್ತದೆ. ಚಾಕು ತಾಗಿದ ತೂತುಗಳನ್ನು ನಾವು ನೈಲಾನಿನಿಂದಲ್ಲ, ಅದರಿಂದಲೇ ಮುಚ್ಚುತ್ತೇವೆ. ಗಂಟಜ್ಜಿ ಕಲಿಸಿದ್ದು ಹಾಗೆ. ಅವಳಿಗೆ ಎಂಬತ್ತು ದಾಟಿದೆ. ತಾನು ಹೊಲಿಯುವುದು ಬಿಟ್ಟರೂ ಇನ್ನೊಬ್ಬರ ಕೊನೆಯ ಗಂಟನ್ನು ಕಾಯುವುದು ಬಿಟ್ಟಿಲ್ಲ. ಯಾವ ತೂತಿಗಾದರೂ ಕೊನೆಯ ಗಂಟು ಬಂದಾಗ ತೋರುಬೆರಳು ಎತ್ತುತ್ತಾಳೆ. ನಾವು ನಿಲ್ಲಿಸಬೇಕು. ಸ್ವಲ್ಪ ಹೊತ್ತಾದ ಮೇಲೆ "ಹೂಂ" ಎನ್ನುತ್ತಾಳೆ, ಆಗ ಎಳೆಯಬೇಕು. ಹದಿನೆಂಟು ವರ್ಷದಿಂದ ನಾನು ಅದನ್ನು ವಯಸ್ಸಾದವರ ಒಂದು ಗೀಳು ಎಂದೇ ತಿಳಿದಿದ್ದೆ.

ಅಜ್ಜಿ ಕಂಬಕ್ಕೆ ಒರಗಿ ಕಾಲು ನೀಡಿಕೊಂಡಳು.

"ಆ ಸೂಜಿ ಕೆಳಗಿಡು ಮಗಾ. ಮಳೆ ಹೇಗೂ ಈಗಲೇ ನಿಲ್ಲಲ್ಲ. ನನ್ನ ಮಾತು ಮುಗಿಯೋ ತನಕ ಆ ತೂತಿಗೆ ಯಾರೂ ಕೈ ಹಚ್ಚಬೇಡಿ... ರೇಡಿಯೋ, ನೀನು ಸ್ವಲ್ಪ ಆಫ್ ಆಗಿರು.

"ನಾನು ಈ ಶೆಡ್ಡಿನಲ್ಲಿ ಕೂತಾಗ ನನಗೆ ಇಪ್ಪತ್ತೊಂದು. ಇವೇ ಮೂರು ಗೋಡೆ. ಕಂಕುಳಲ್ಲಿ ಐದು ತಿಂಗಳ ಮಗು. ನಮ್ಮನೆಯವರು, ಅವರಣ್ಣ ಅಂದ್ರೆ ನಮ್ಮ ಭಾವ, ಇನ್ನಿಬ್ಬರು ಆಳು, ನಾಲ್ಕೇ ಜನದ ಬೋಟು. ಬೋಟು ಭಾವನದ್ದು, ಮಾತೂ ಭಾವನದ್ದೇ. ನಮ್ಮತ್ತೆ ಇದೇ ಕಂಬಕ್ಕೆ ಬೆನ್ನು ಕೊಟ್ಟು ಕೂತು ಹೊಲಿಯೋರು. ಅವರಿಗೆ ಕಿವಿ ಕೇಳ್ತಿರಲಿಲ್ಲ. ಮದುವೆ ಮಾತುಕತೆಯಲ್ಲೇ ಹೇಳಿದ್ರು, ಅತ್ತೆಗೆ ಕಿವುಡು, ನೀನು ಪುಣ್ಯ ಮಾಡಿದ್ದೀಯ ಅಂತ. ನಿಜ ಹೇಳ್ತೀನಿ, ನಾನೂ ಹಾಗೇ ಅಂದ್ಕೊಂಡೆ. ಅವರೆದುರಿಗೇ ಕೂತು, ಮುಖದಲ್ಲಿ ನಗು ಇಟ್ಕೊಂಡು, ಬಾಯಲ್ಲಿ ಏನೇನು ಬೈದಿದ್ದೀನಿ ಗೊತ್ತಾ...

"ಒಂದು ದಿನ ಬಲೆ ಬಂತು. ಎರಡು ತೂತು. ಒಂದು ದೊಡ್ಡದು, ಅದರ ಪಕ್ಕಕ್ಕೇ ಅಂಟಿಕೊಂಡ ಹಾಗೆ ಇನ್ನೊಂದು ಚಿಕ್ಕದು. ಎರಡೂ ಕೊಯ್ದಿದ್ದು. ನಾನೂ ಇವಳ ಹಾಗೇ ಕೇಳಿದೆ. ಭಾವ ಬಂಡೆ ಅಂದ್ರು. ಬಂಡೆ ಬಲೇನ ಹರಿಯುತ್ತೆ, ಕೊಯ್ಯುತ್ತಾ? ಊಟಕ್ಕೆ ಕೂತಾಗ ನಮ್ಮನೆಯವರು ತಟ್ಟೆ ನೋಡ್ಕೊಂಡೇ ಹೇಳಿದ್ರು, ಕಡಲಹಂದಿ ಕಣೆ, ತಾಯಿ ಮರಿ ಎರಡೂ, ಅಂತ. ನೀವು ಯಾರಾದ್ರೂ ನೋಡಿದ್ದೀರಾ? ಹೆಸರಿಗೆ ಹಂದಿ. ಡಾಲ್ಫಿನ್ನಿನ ಪೈಕಿ, ಅದಕ್ಕಿಂತ ಗಿಡ್ಡ, ಮೂತಿ ಮೊಂಡು. ಮೀನಲ್ಲ ಅದು. ನಮ್ಮ ಹಾಗೇ ಉಸಿರಾಡುತ್ತೆ, ನಮ್ಮ ಹಾಗೇ ಹಾಲು ಕುಡಿಸುತ್ತೆ. ಮೀನಿನ ಬೆನ್ನು ಹತ್ತಿ ಬರುತ್ತೆ, ನೀರಲ್ಲಿ ಬಲೆ ಅದಕ್ಕೆ ತಿಳಿಯಲ್ಲ, ಸಿಕ್ಕಿಹಾಕಿಕೊಳ್ಳುತ್ತೆ. ಮೇಲೆ ಬಂದು ಒಂದೇ ಒಂದು ಸಲ ಉಸಿರು ತಗೊಂಡ್ರೆ ಬದುಕುತ್ತೆ... ಆದ್ರೆ ಬಲೆ ಬಿಡಬೇಕಲ್ಲ. ಅದು ಬೇಕು ಅಂತ ಯಾರೂ ಬಲೆ ಹಾಕಿರಲ್ಲ. ಎಳೆದು ನೋಡಿದಾಗ ಸತ್ತಿರುತ್ತೆ. ಬಿಡಿಸ್ತಾ ಕೂತ್ರೆ ಹೊತ್ತಾಗುತ್ತೆ ಅಂತ ಸುತ್ತಲ ಬಲೇನೂ ಸೇರಿಸಿ ಕೊಯ್ದು ನೀರಿಗೆ ಹಾಕ್ತಾರೆ, ದಡಕ್ಕೆ ಬಂದು ಬಂಡೆ ಅಂತಾರೆ. ನಿಜ ಗೊತ್ತಾಗೋದು ಯಾರಿಗೆ? ಹೊಲಿಯೋಳಿಗೆ.

"ದೊಡ್ಡ ತೂತು ಮುಚ್ಚಿದೆ. ಚಿಕ್ಕದಕ್ಕೆ ಕೈ ಹಾಕಿದೆ. ಹಗಲು ಹನ್ನೆರಡು ಗಂಟೆ, ಬಿಸಿಲು ಈ ಕಂಬದ ತನಕ ಬಿದ್ದಿತ್ತು. ದೆವ್ವ ಗಿವ್ವ ಬರೋ ಹೊತ್ತಾ ಅದು? ಹೆತ್ತು ಕೆಲವೇ ತಿಂಗಳು ಆದೋಳಿಗೆ ಒಂದು ಅಭ್ಯಾಸ ಇರುತ್ತೆ, ನಿಮಗೆಲ್ಲ ಗೊತ್ತು... ಕೈ ಏನೇ ಮಾಡ್ತಿರಲಿ, ಕಿವಿ ಮಗುವಿನ ಉಸಿರು ಎಣಿಸ್ತಾ ಇರುತ್ತೆ. ನನ್ನ ಕಿವಿಯೂ ಎಣಿಸ್ತಿತ್ತು. ಫುಸ್... ಸ್ವಲ್ಪ ಹೊತ್ತು ಏನಿಲ್ಲ... ಮತ್ತೆ ಫುಸ್... ಮಗು ಚೆನ್ನಾಗಿ ನಿದ್ದೆ ಹೋಗಿದೆ ಅಂತ ಸಮಾಧಾನದಲ್ಲಿ ಹೊಲೀತಾ ಹೋದೆ. ಕೊನೇ ಗಂಟು ಬಂತು. ಎಳೆದೆ. ಉಸಿರು ನಿಂತುಹೋಯ್ತು.

"ಸೂಜಿ ಬಿಸಾಕಿ ತಿರುಗಿ ನೋಡಿದೆ. ದಿನಾ ಮಲಗಿಸ್ತಿದ್ದ ಬೆಂಡಿನ ಬುಟ್ಟಿಯಲ್ಲಿ ಮಗು ಇಲ್ಲ. ಯಾಕಿಲ್ಲ ಅಂದ್ರೆ... ಅವತ್ತು ಬೆಳಿಗ್ಗೆ ನಾನೇ ಅದನ್ನ ಅಕ್ಕನ ಮನೇಲಿ ಬಿಟ್ಟು ಬಂದಿದ್ದೆ."

ಹೊಸ ಹುಡುಗಿ ತನ್ನ ತೊಡೆಯ ಮೇಲಿನ ಬಲೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದಳು. ಅಜ್ಜಿ ಅದನ್ನು ನೋಡಿಯೂ ನೋಡದ ಹಾಗೆ ಮುಂದುವರಿಸಿದಳು.

"ಬಿದ್ದೂ ಎದ್ದೂ ಓಡಿದೆ. ಮಗು ಅಕ್ಕನ ಹೆಗಲ ಮೇಲೆ ಕೂತು ಅವಳ ಓಲೆ ಎಳೀತಿತ್ತು. ಅದನ್ನ ಒಂದು ಸಲ ಎದೆಗೆ ಒತ್ತಿಕೊಂಡು ವಾಪಸ್ ಬಂದೆ. ಬರದೆ ಇರೋ ಹಾಗಿತ್ತಾ? ಬಲೆ ಬೇಕಲ್ಲ. ಕೂತು ಆ ಕೊನೇ ಗಂಟನ್ನ ಬಿಚ್ಚಿದೆ. ಫುಸ್... ಅಂತು. ಮಣಿಕಟ್ಟಿಗೆ ಬೆಚ್ಚಗೆ ತಾಗ್ತು. ಕಟ್ಟಿದೆ, ನಿಂತಿತು. ಬಿಚ್ಚಿದೆ, ಬಂತು."

"ಗಾಳಿ ಇರಬೇಕು ಅಜ್ಜಿ," ಎಂದಳು ರೇಡಿಯೋ ಸಣ್ಣ ದನಿಯಲ್ಲಿ.

"ನಾನೂ ಅದನ್ನೇ ಹೇಳ್ಕೊಂಡೆ. ದಕ್ಕೆಯ ಗಾಳಿಗೆ ಮೀನಿನ ವಾಸನೆ ಇರುತ್ತೆ, ಡೀಸೆಲ್ ವಾಸನೆ ಇರುತ್ತೆ. ಹಾಲಿನ ವಾಸನೆ ಇರುತ್ತೇನೆ?

"ಮೂರು ದಿನ ಆ ಒಂದು ತೂತು ಮುಚ್ಚೋಕಾಗಲಿಲ್ಲ. ಯಾರ ಹತ್ರ ಹೇಳ್ಲಿ? ಗಂಡನಿಗೆ ಹೇಳಿದ್ರೆ ಬಾಣಂತಿಗೆ ತಲೆ ಕೆಟ್ಟಿದೆ ಅಂತಾರೆ. ಭಾವ ಬಂದು, ಏನಮ್ಮ, ಬಲೆ ಹೊಲೀತಿದ್ದೀಯೋ ಕಸೂತಿ ಹಾಕ್ತಿದ್ದೀಯೋ, ಅಂತ ಕೇಳಿ ಹೋದ್ರು. ನಮ್ಮತ್ತೆ ಕಂಬದ ಹತ್ರ ಕೂತು ನನ್ನನ್ನೇ ನೋಡ್ತಿದ್ರು. ನಾನು ಕಟ್ಟೋದು, ಬಿಚ್ಚೋದು, ಕಿವಿ ಕೊಡೋದು... ಎಲ್ಲ ನೋಡಿದ್ರು. ಎದ್ದು ಮನೆಗೆ ಹೋಗಿ, ಹಾಸಿಗೆ ಹೊಲಿಯೋ ಹತ್ತಿ ನೂಲಿನ ಉಂಡೆ ತಂದು ನನ್ನ ಮಡಿಲಿಗೆ ಹಾಕಿದ್ರು. ತಮ್ಮ ಜಾಗಕ್ಕೆ ಹೋಗಿ ಕೂತ್ರು.

"ಹೊಲಿಯೋಳಿಗೆ ಬಿಡಿಸಿ ಹೇಳ್ಬೇಕಾ? ಹತ್ತಿ ನೂಲು ನೆನೆದು ಕೊಳೆಯಾದ್ರೆ ನೈಲಾನಿನ ಹಾಗೇ ಕಾಣುತ್ತೆ. ಮೀನನ್ನ ಹಿಡಿದು ನಿಲ್ಲಿಸುತ್ತೆ. ಆದ್ರೆ ಒಂದು ಆಳಿನಷ್ಟು ಭಾರ ಬಿದ್ದು ಒದ್ದಾಡಿದ್ರೆ ಪಟ್ಟಂತ ಹೋಗುತ್ತೆ. ದೊಡ್ಡ ತೂತಿನ ನೈಲಾನನ್ನೂ ಬಿಚ್ಚಿದೆ. ಎರಡಕ್ಕೂ ಹತ್ತಿ ಹಾಕಿದೆ. ಕೊನೇ ಗಂಟು ಎಳೆದೆ... ಉಸಿರು ನಿಲ್ಲಲಿಲ್ಲ. ದೂರ ಹೋಯ್ತು. ಮೆಲ್ಲಗೆ ಈಜಿಕೊಂಡು ಹೋದ ಹಾಗೆ.

"ಅಲ್ಲಿಗೆ ಮುಗೀತು ಅಂದ್ಕೊಂಡ್ರಾ? ನನ್ನ ಸಂಕಟ ಶುರುವಾಗಿದ್ದೇ ಆಮೇಲೆ. ನಮ್ಮ ಕೆಲಸದಲ್ಲಿ ಸುಳ್ಳು ಗಂಟಿಗಿಂತ ದೊಡ್ಡ ತಪ್ಪು ಇಲ್ಲ. ಬಲೆ ನಂಬಿ ಬೋಟು ಹೋಗುತ್ತೆ, ನನ್ನ ಕೈ ನಂಬಿ ಬಲೆ ಹೋಗುತ್ತೆ. ನನ್ನ ಗಂಡನ ಅನ್ನಕ್ಕೆ ನಾನೇ ತೂತು ಕೊಯ್ತಿದ್ದೀನಾ ಅಂತ ಅನ್ನ ಬಡಿಸುವಾಗೆಲ್ಲ ಅನ್ನಿಸೋದು. ತಿಂಗಳೊಳಗೆ ಆ ಜಾಗ ಎರಡು ಸಲ ಬಾಯಿ ಬಿಟ್ಟುಕೊಂಡು ಬಂತು. ಕೊಯ್ದಿದ್ದಲ್ಲ, ಬಿಚ್ಚಿಕೊಂಡಿದ್ದು. ಎರಡು ಸಲವೂ ಹತ್ತಿಯನ್ನೇ ಹಾಕಿದೆ. ಭಾವ ಕೂಗಾಡಲಿಲ್ಲ, ಅದೇ ಹೆದರಿಕೆ. ಮೆಲ್ಲಗೆ ಹೇಳಿದ್ರು: ಇನ್ನೊಂದು ಸಲ ಇದೇ ಜಾಗ ಬಿಚ್ಚಿಕೊಂಡ್ರೆ ಬಲೆಗಳನ್ನೆಲ್ಲ ಆಚೆ ದಕ್ಕೆಯವರಿಗೆ ಹೊಲಿಯೋಕೆ ಕೊಡ್ತೀನಿ. ನೀನು ಮನೇಲಿ ಮಗು ನೋಡ್ಕೊಂಡಿರು.

"ಏನು ದೊಡ್ಡ ಶಿಕ್ಷೆ ಅಂತೀರಾ? ಮನೇಲಿ ನಾನು ಒಬ್ಬರ ಸೊಸೆ, ಒಬ್ಬರ ಹೆಂಡ್ತಿ, ಒಂದು ಮಗುವಿನ ತಾಯಿ. ಇಲ್ಲಿ ಬಂದು ಕೂತು ಸೂಜಿ ಹಿಡಿದ್ರೆ ಮಾತ್ರ ನನ್ನ ಕೈ ನನ್ನದು ಅನ್ನಿಸೋದು. ಆ ಸುಖ ಎಂಥದು ಅಂತ ನಿಮಗೆ ಹೇಳ್ಬೇಕಾಗಿಲ್ಲ. ಅದನ್ನ ಬಿಡೋಕೆ ನನ್ನ ಕೈಲಾಗಲಿಲ್ಲ. ಅವತ್ತು ಸಂಜೆ ಹತ್ತಿಯನ್ನೆಲ್ಲ ಕಿತ್ತು, ಡಬಲ್ ನೈಲಾನ್ ಹಾಕಿದೆ." ಅಜ್ಜಿ ಹೊಸ ಹುಡುಗಿಯ ಕಡೆ ನೋಡಿದಳು. "ಕೇಳಿಸ್ತಾ? ಡಬಲ್ಲು. ಗಂಟು ಎಳೆದೆ. ಹತ್ತಿ ಕಿತ್ತಾಗ ಮತ್ತೆ ಬಂದಿದ್ದ ಎರಡು ಉಸಿರೂ, ತಾಯಿದೂ ಮರಿದೂ, ನಿಂತವು. ಬಲೆ ತಣ್ಣಗಾಯ್ತು. ಎದ್ದು ಹೊರಟೆ. ತಾಡಪಾಲಿನ ತನಕ ಹೋದೆ... ಆ ತಣ್ಣಗಿನ ಬಲೇನ ಹಿಂದೆ ಬಿಟ್ಟು ಹೋಗಿ ನನ್ನ ಮಗುವಿಗೆ ಹೇಗೆ ಹಾಲು ಕುಡಿಸ್ಲಿ, ಹೇಳಿ? ವಾಪಸ್ ಬಂದು ನೈಲಾನ್ ಕೊಯ್ದೆ. ಹತ್ತಿ ಹಾಕಿದೆ. ಹೋದ್ರೆ ಹೋಗ್ಲಿ ಶೆಡ್ಡು ಅಂತ.

"ಮಾರನೇ ದಿನ ಅದೇ ಬಲೆ ಬೋಟಿಗೆ ಹೋಯ್ತು. ಸಮುದ್ರ ಕೆಟ್ಟದಾಗಿತ್ತು. ಸುಮಾರು ಹತ್ತು ಗಂಟೆ ಹೊತ್ತಿಗೆ ನಾನು ಇಲ್ಲೇ ಕೂತು ಬೆಂಡು ಕಟ್ತಿದ್ದೆ, ಮಡಿಲಲ್ಲಿ ಬಲೆ ಕೂಡ ಇರಲಿಲ್ಲ. ಉಸಿರು ಕೇಳ್ತು. ನಿಧಾನದ್ದಲ್ಲ. ಫುಸ್ ಫುಸ್ ಫುಸ್ ಅಂತ, ಅಟ್ಟಿಸಿಕೊಂಡು ಬಂದ ಹಾಗೆ. ಆಮೇಲೆ ನಿಂತೇಹೋಯ್ತು. ನಾನು ಎಣಿಸೋಕೆ ಶುರು ಮಾಡಿದೆ. ಇಪ್ಪತ್ತು... ನಲವತ್ತು... ತಲೆ ಎತ್ತಿ ನೋಡಿದ್ರೆ, ನಮ್ಮತ್ತೆಯ ಸೂಜಿಯೂ ನಿಂತಿದೆ. ಕತ್ತು ಓರೆ ಮಾಡಿ, ಬಾಯಿ ಅರ್ಧ ತೆರೆದು, ಆ ಕಿವುಡಿ ಹೆಂಗಸು ಕೇಳಿಸ್ಕೊಳ್ತಾ ಕೂತಿದ್ದಾರೆ... ಅರವತ್ತು... ಎಂಬತ್ತು... ನೂರು ದಾಟ್ತು. ಆಮೇಲೆ ಒಂದು ಉಸಿರು ಬಂತು ನೋಡಿ. ಮುಳುಗಿದ್ದು ಯಾವುದೋ ನೀರು ಸೀಳಿಕೊಂಡು ಮೇಲೆ ಬಂದ ಹಾಗೆ. ಶೆಡ್ಡೆಲ್ಲ ತುಂಬಿತು. ನಮ್ಮತ್ತೆ ಕಣ್ಣು ಮುಚ್ಚಿ ತೆರೆದು, ಮತ್ತೆ ಹೊಲಿಯೋಕೆ ಶುರು ಮಾಡಿದ್ರು.

"ಮಧ್ಯಾಹ್ನಕ್ಕೇ ಬೋಟು ಬಂತು, ಬರಬಾರದ ಹೊತ್ತಿಗೆ. ದಕ್ಕೆ ಮೇಲೆ ನಿಂತು ಬೋಟಿನವರ ಹಳದಿ ಮಳೆಕೋಟು ಎಣಿಸಿದೆ. ಮೂರು. ಮತ್ತೆ ಎಣಿಸಿದೆ. ಮೂರೇ. ದಕ್ಕೆಯ ತುದಿಗೆ ಓಡಿದೆ. ಹತ್ತಿರ ಬಂದ ಮೇಲೆ ಕಾಣಿಸ್ತು... ನಮ್ಮನೆಯವರು ಕಂಬಳಿ ಹೊದ್ದು ಮೂಲೇಲಿ ಕೂತಿದ್ರು. ಕೋಟು ಸಮುದ್ರಕ್ಕೆ ಹೋಗಿತ್ತು, ಆಳು ಉಳಿದಿದ್ದ. ನನ್ನನ್ನ ನೋಡಿ ಮೊದಲು ಕೇಳಿದ್ದು, ಬೀಡಿ ಇದೆಯಾ ಅಂತ. ಅತ್ತುಕೊಂಡೇ ಬೈದೆ.

"ಬಲೆ ಬಿಡುವಾಗ ಕೋಟಿನ ಗುಂಡಿಗೆ ಬಲೆಯ ಕಣ್ಣು ಸಿಕ್ಕಿ ಎಳ್ಕೊಂಡು ಹೋಗಿತ್ತು. ಸೀಸದ ಭಾರಕ್ಕೆ ಬಲೆ ಇಳಿಯುತ್ತೆ, ಜೊತೆಗೆ ಇವರೂ. ಚಾಕು ಕೈತಪ್ಪಿತು. ಕೈ ಕಾಲು ಆಡಿಸಿದಷ್ಟೂ ಸುತ್ತಿಕೊಳ್ತು. ನೈಲಾನನ್ನ ಹಲ್ಲಲ್ಲಿ ಕಡಿಯೋಕಾಗುತ್ತಾ? ಆಮೇಲೆ ಒಂದು ಕಡೆ ಬಲೆ ಬಿಟ್ಟುಕೊಡ್ತಂತೆ, ಬಾಗಿಲು ತೆಗೆದ ಹಾಗೆ.

"ಸಂಜೆ ಭಾವ ಆ ಬಲೇನ ಇಲ್ಲಿ ಹರಡಿದ್ರು. ತೂತಿನ ಅಂಚು ಬೆರಳಲ್ಲಿ ಸವರಿದ್ರು. ಹತ್ತಿಯ ಬಿಳಿ ಎಳೆಗಳು ಇನ್ನೂ ಅಂಟಿಕೊಂಡಿದ್ವು. ಒಂದನ್ನ ಕಿತ್ತು ದೀಪಕ್ಕೆ ಹಿಡಿದು, ನನ್ನ ಮುಖ ನೋಡಿದ್ರು. ಆಗ ಕಂಬದ ಹತ್ರದಿಂದ ಮಾತು ಬಂತು: 'ನೂಲು ಕೊಟ್ಟೋಳು ನಾನು. ಅವಳನ್ನ ಯಾಕೆ ನೋಡ್ತೀಯ?'

"ಭಾವ ಬೆಪ್ಪಾದ್ರು. 'ಅಮ್ಮ, ನಿನಗೆ ಕಿವಿ ಕೇಳುತ್ತಾ?' ಅಂದ್ರು. ನಮ್ಮತ್ತೆ ಕಿವಿಯಿಂದ ಮೇಣದ ಉಂಡೆ ತೆಗೆದು ನೆಲದ ಮೇಲಿಟ್ರು. ಒಂದು... ಎರಡು. 'ಕೇಳುತ್ತೆ. ನಿಮ್ಮಪ್ಪನ ಬಲೆಗಳನ್ನ ಹೊಲಿದಾಗಿಂದ ಕೇಳುತ್ತೆ. ಅದು ಕೇಳಬಾರದು ಅಂತ ಮೂವತ್ತು ವರ್ಷ ಮೇಣ ಇಟ್ಟುಕೊಂಡು ಹೊಲಿದೆ. ಇವಳು ಇಟ್ಟುಕೊಳ್ಳಲಿಲ್ಲ, ನಿನ್ನ ತಮ್ಮ ಬದುಕಿ ಬಂದ.' ಆಮೇಲೆ ನನ್ನ ಕಡೆ ತಿರುಗಿ, 'ಹೆದರ್ಕೋಬೇಡ, ನೀನು ಬೈದಿದ್ರಲ್ಲಿ ಅರ್ಧ ಮೇಣದಲ್ಲೇ ಉಳೀತು,' ಅಂದ್ರು."

ನಾವೆಲ್ಲ ನಕ್ಕೆವು. ಹೊಸ ಹುಡುಗಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವಳಿಗೂ ಒಬ್ಬ ಅತ್ತೆ ಇದ್ದಾಳಲ್ಲ.

"ಭಾವ ಆ ವಿಷಯ ಮತ್ತೆ ಎತ್ತಲಿಲ್ಲ. ಬೆಳಿಗ್ಗೆ ಬಂದು ನೋಡ್ತೀನಿ, ನಾನು ಕೂರೋ ಜಾಗದಲ್ಲಿ ಹತ್ತಿ ನೂಲಿನ ಹೊಸ ಉಂಡೆ. ಯಾರಿಟ್ಟರು ಅಂತ ನಾನೂ ಕೇಳಲಿಲ್ಲ. ಹತ್ತಿರ ಹತ್ತಿರ ಅರವತ್ತು ವರ್ಷ ಆಯ್ತು, ಈ ಶೆಡ್ಡಿನ ಒಂದು ಬೋಟಿನಿಂದಲೂ ಆಳು ಕಡಿಮೆಯಾಗಿ ಬಂದಿಲ್ಲ. ಎಷ್ಟೋ ನೆಮ್ಮದಿ ಅದು. ಬಲೆ ಉದ್ದ, ಹತ್ತಿ ಹಾಕಿದ ಬಾಗಿಲು ಕೆಲವೇ. ಕಡಲಹಂದಿಗಳಿಗೆಲ್ಲ ಆ ಬಾಗಿಲು ಸಿಗಲ್ಲ, ಅದಕ್ಕೇ ಇಂಥ ತೂತು ಬರ್ತಾನೇ ಇರುತ್ತೆ. ಬಂದಾಗ ನಾವು ಇನ್ನೊಂದು ಬಾಗಿಲು ಇಡ್ತೀವಿ. ಅಷ್ಟೇ ನಮ್ಮ ಕೈಲಾಗೋದು. ಕೊನೇ ಗಂಟಿಗೆ ಮೊದಲು ನಾನು ಬೆರಳು ಎತ್ತೋದೂ ಅದಕ್ಕೇ, ಒಳಗಿರೋ ಉಸಿರು ಹೊರಗೆ ಹೋಗ್ಲಿ ಅಂತ.

"ನಮ್ಮನೆಯವರು ಒಂದು ಮಾತನ್ನ ಮಾತ್ರ ತುಂಬ ದಿನ ಆದ ಮೇಲೆ ಹೇಳಿದ್ರು. ಅವರು ಸಿಕ್ಕಿಕೊಂಡಿದ್ದು ಆ ಹತ್ತಿಯ ಜಾಗದಲ್ಲಲ್ಲ ಅಂತೆ, ಅಲ್ಲಿಂದ ಹತ್ತು ಮಾರು ಆಚೆ. ಏನೋ ಮೊಂಡಾದ್ದು ಹೊಟ್ಟೆಗೆ ಒತ್ತಿ ಒತ್ತಿ ಪಕ್ಕಕ್ಕೆ ದಬ್ಕೊಂಡು ಬಂತಂತೆ. ನೀರೊಳಗೆ ಕೆನ್ನೆಗೆ ಬಿಸಿ ಉಸಿರು ತಾಗ್ತಂತೆ... ನೀರೊಳಗೆ. ಎರಡು ಇದ್ವು ಕಣೆ, ಅಂದ್ರು. ಒಂದು ದೊಡ್ಡದು, ಒಂದು ಪಾಪ, ಚಿಕ್ಕದು. ಬಲೆ ಉಸಿರಾಡೋದು ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ."

ಅಜ್ಜಿ ಮಾತು ನಿಲ್ಲಿಸಿದಳು. ಮಳೆ ಯಾವಾಗ ನಿಂತಿತ್ತೋ ನಮಗೆ ತಿಳಿದಿರಲಿಲ್ಲ. ತಗಡಿನ ಅಂಚಿನಿಂದ ಹನಿ ಬೀಳುವುದಷ್ಟೇ ಕೇಳಿಸುತ್ತಿತ್ತು.

ಹೊಸ ಹುಡುಗಿ ಸೂಜಿಗೆ ಸುತ್ತಿದ್ದ ನೈಲಾನನ್ನು ಬಿಚ್ಚಿ ಪಕ್ಕಕ್ಕಿಟ್ಟಳು. ನನ್ನ ಬುಟ್ಟಿಗೆ ಕೈ ಚಾಚಿದಳು. ನಾನು ಹತ್ತಿಯ ಉಂಡೆ ಕೊಟ್ಟೆ. "ಮನೇಲಿ ಏನು ಹೇಳ್ತೀಯೆ?" ಎಂದು ರೇಡಿಯೋ ಕೇಳಿದ್ದಕ್ಕೆ, "ಬಂಡೆ ಅಂತೀನಿ," ಎಂದಳು.

ಸಾಲು ಸಾಲಾಗಿ ಹೊಲಿಯುತ್ತ ಹೋದಳು. ನಾವು ದೀಪವನ್ನು ಅವಳ ಕಡೆ ಸರಿಸಿ ಸುಮ್ಮನೆ ನೋಡುತ್ತ ಕೂತೆವು. ತೂತು ಕಿರಿದಾಗಿ, ಅಂಗೈಯಷ್ಟಾಗಿ, ಬೆರಳಷ್ಟಾಯಿತು. ಕೊನೆಯ ಗಂಟು. ಅಜ್ಜಿ ತೋರುಬೆರಳು ಎತ್ತಿದಳು.

ಹುಡುಗಿಯ ಕೈ ನಿಂತಿತು. ಅವಳ ಮಣಿಕಟ್ಟಿನ ಮೇಲೆ ಇಳಿಬಿದ್ದಿದ್ದ ನೂಲಿನ ತುದಿ, ಗಾಳಿಯಿಲ್ಲದ ಶೆಡ್ಡಿನೊಳಗೆ, ಒಮ್ಮೆ ಮೆಲ್ಲಗೆ ಮೇಲೆದ್ದು ಬಿತ್ತು. ಅವಳು ಅಜ್ಜಿಯನ್ನು ನೋಡಿದಳು. ಹೆದರುತ್ತಾಳೆ ಎಂದುಕೊಂಡಿದ್ದೆ, ಅವಳ ಮುಖದಲ್ಲಿ ಇದ್ದದ್ದು ಹೆದರಿಕೆಯಲ್ಲ. ನಿಟ್ಟುಸಿರು ಬಿಟ್ಟು ಗಂಟು ಎಳೆಯಲು ಹೊರಟಳು.

ಅಜ್ಜಿಯ ಬೆರಳು ಇಳಿಯಲಿಲ್ಲ.

"ತಡಿ ಮಗಾ," ಎಂದಳು. "ಈಗ ಹೋಗಿದ್ದು ಚಿಕ್ಕದು. ಅದರಮ್ಮ ಇನ್ನೂ ಒಳಗಿದೆ."